ಬ್ರೇಕ್ ಸ್ಟಿಕ್‌ನ ಪ್ರಶ್ನೆ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಹೇರೋಹಳ್ಳಿ ಕಡೆ ಬರುವಾಗ ಬೇಕರಿ, ಮೊಬೈಲ್ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಪೂಲ್ ಪಾರ್ಲರ್ ಸಿಗುತ್ತದೆ. ಗಂಟೆಗಿಷ್ಟು ಎಂದು ಟೇಬಲ್ ಬಾಡಿಗೆ. ಗೋಡೆಗೆ ಒರಗಿಸಿಟ್ಟ ಹತ್ತು-ಹನ್ನೆರಡು ಸ್ಟಿಕ್‌ಗಳು ಬಂದವರೆಲ್ಲರ ಸ್ವತ್ತು. ಆಗೊಮ್ಮೆ ಈಗೊಮ್ಮೆ ಉದ್ದನೆಯ ಚೀಲದಲ್ಲಿ ಸ್ವಂತದ ಸ್ಟಿಕ್ ತರುವವರೂ ಇರುತ್ತಾರೆ. ಕೇಳಿದರೆ ಕೊಡುತ್ತಾರೆ, ಆದರೆ ಒಂದು ಕಟ್ಟಳೆಯ ಮೇಲೆ: ‘ಆಡೋದಕ್ಕೆ ತಗೋ ಮಗಾ, ಇದ್ರಲ್ಲಿ ಬ್ರೇಕ್ ಮಾತ್ರ ಹೊಡೀಬೇಡ.’ ಬ್ರೇಕ್ ಹೊಡೆಯಲು ಅವರ ಬಳಿ ಬೇರೆಯದೇ ಇರುತ್ತದೆ. ಅದಿಲ್ಲದವರು ಗೋಡೆಯ ಸ್ಟಿಕ್ ಎತ್ತಿಕೊಳ್ಳುತ್ತಾರೆ.

ನನ್ನ ಆಟ ತೀರಾ ಸಾಧಾರಣದ್ದು. ಹಾಗಾಗಿ ಈ ಕಟ್ಟಳೆ ತಲೆಯಲ್ಲಿ ಉಳಿದದ್ದು ಆಟದ ಕಾರಣಕ್ಕಲ್ಲ. ಒರಟು ಕೆಲಸಕ್ಕೆ ಒಂದು ಕೋಲು, ನಯದ ಕೆಲಸಕ್ಕೆ ಇನ್ನೊಂದು. ಮೊದಲನೆಯದರ ಕೆಲಸ ಎರಡನೆಯದಕ್ಕೆ ಸೋಂಕಬಾರದು. ಕೇಳಿದ ಕೂಡಲೇ ಒಂದು ಕಿವಿ ಇದನ್ನು ಕುಶಲಕರ್ಮಿಯ ವಿವೇಕವೆಂದು ಒಪ್ಪಿತು. ಇನ್ನೊಂದು ಕಿವಿ, ಈ ಮಾತನ್ನು ಬೇರೆಲ್ಲೋ ಕೇಳಿದ್ದೇನಲ್ಲ ಎಂದಿತು.

ಮೊದಲು ಆ ವಿವೇಕಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಸ್ಟಿಕ್‌ನ ಹಿಂದಿನ ಅರ್ಧ ಬಟ್, ಮುಂದಿನ ಅರ್ಧ ಶಾಫ್ಟ್, ಶಾಫ್ಟ್‌ನ ತುದಿಗೆ ಚರ್ಮದ ಟಿಪ್. ಇಡೀ ಆಟ ನಿಂತಿರುವುದು ಆ ಬೆರಳುಗುರಿನಷ್ಟು ಚರ್ಮದ ಮೇಲೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಿಂಗೋ ಎಂಬ ಫ್ರೆಂಚ್ ಸೇನಾಧಿಕಾರಿ ಕೋಲಿನ ತುದಿಗೆ ಚರ್ಮ ಅಂಟಿಸಿ ಆಡಿ ತೋರಿಸಿದ ಮೇಲೆಯೇ ಬಾಲ್ ಅನ್ನು ಬೇಕಾದಂತೆ ಸುತ್ತಿಸುವ ಕಲೆ ಬೆಳೆದದ್ದು. 1835ರ ಹೊತ್ತಿಗೆ ಕೊರಿಯೋಲಿಸ್‌ನಂಥ ಗಣಿತಜ್ಞ ಬಿಲಿಯರ್ಡ್ಸ್ ಮೇಲೆ ಒಂದು ಇಡೀ ಗ್ರಂಥವನ್ನೇ ಬರೆದ. ಚಾಕ್ ಹಚ್ಚಿದ ಚರ್ಮ ಬಿಳಿ ಬಾಲ್‌ಗೆ ತಾಗುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಹಿಡಿದು ತಿರುಗಿಸಿ ಬಿಡಬೇಕು. ಬಾಲ್‌ನ ನಡುವೆ ಬಿಟ್ಟು ಪಕ್ಕಕ್ಕೆ ಹೊಡೆದರೆ ಅದು ನಾವು ಗುರಿಯಿಟ್ಟ ಗೆರೆಯಿಂದ ತುಸು ಆಚೆಗೆ ಜಾರಿ ಹೊರಡುತ್ತದೆ. ಶಾಫ್ಟ್‌ನ ಮೂತಿ ಭಾರವಾದಷ್ಟೂ ಈ ಜಾರುವಿಕೆ ಹೆಚ್ಚು. ಆದ್ದರಿಂದಲೇ ಆಡುವ ಶಾಫ್ಟ್‌ನ ಮುಂಭಾಗವನ್ನು ಹಗುರ ಮಾಡುತ್ತಾರೆ, ಮೇಪಲ್ ಮರವನ್ನು ಸೀಳಿ ಮತ್ತೆ ಅಂಟಿಸುತ್ತಾರೆ, ಒಳಗೆ ಟೊಳ್ಳು ಕೊರೆಯುತ್ತಾರೆ, ಈಚೆಗೆ ಕಾರ್ಬನ್ ಫೈಬರ್‌ನಲ್ಲೇ ಮಾಡುತ್ತಾರೆ.

ಬ್ರೇಕ್‌ನ ಅಗತ್ಯ ಬೇರೆ. ಹದಿನೈದು ಬಾಲ್‌ಗಳು ತ್ರಿಕೋನದಲ್ಲಿ ಒಂದಕ್ಕೊಂದು ಒತ್ತಿ ಕೂತಿವೆ. ಒಂದೇ ಏಟಿಗೆ ಚದುರಬೇಕು. ಅಲ್ಲಿ ಸುತ್ತು ಬೇಡ, ಬಲ ಸೋರದೆ ದಾಟಬೇಕು. ಮೆತ್ತನೆಯ ಚರ್ಮ ಬಲದ ಒಂದು ಪಾಲನ್ನು ತಾನೇ ನುಂಗುತ್ತದೆ, ಅಂಥ ಏಟುಗಳನ್ನು ತಿಂದು ತಿಂದು ಅಣಬೆಯಂತೆ ಚಪ್ಪಟೆಯಾಗುತ್ತದೆ, ಗಟ್ಟಿಯಾಗಿ ಹೊಳಪೇರುತ್ತದೆ. ಆಮೇಲೆ ನಯದ ಏಟಿಗೆ ಕೂತರೆ ಬಾಲ್ ಮೇಲೆ ಜಾರುತ್ತದೆ. ಹಾಗಾಗಿ ಬ್ರೇಕ್ ಶಾಫ್ಟ್‌ಗೆ ಫಿನಾಲಿಕ್ ರಾಳದ ಕಲ್ಲಿನಂಥ ಟಿಪ್, ತುಸು ದಪ್ಪ, ಬಾಗದ ಮೈ. ಒಂದೇ ಬಟ್‌ಗೆ ಎರಡು ಶಾಫ್ಟ್ ಇಟ್ಟುಕೊಂಡು ಬ್ರೇಕ್ ಆದ ಮೇಲೆ ಬಿಚ್ಚಿ ಬದಲಿಸುವವರೂ ಇದ್ದಾರೆ. ಅಂತರರಾಷ್ಟ್ರೀಯ ನಿಯಮ ಕೇಳುವುದು ಉದ್ದ 40 ಇಂಚಿಗೆ ಕಡಿಮೆ ಇರಬಾರದು, ತೂಕ 25 ಔನ್ಸ್ ಮೀರಬಾರದು, ಟಿಪ್ 14 ಮಿಲಿಮೀಟರ್ ಮೀರಬಾರದು ಎಂಬಂಥ ಅಳತೆಗಳನ್ನು. ಬ್ರೇಕ್‌ಗೆಂದು ಬೇರೆ ಸ್ಟಿಕ್ ತರುವುದು ಬಿಡುವುದು ಜೇಬಿಗೆ ಬಿಟ್ಟದ್ದು.

ನಮ್ಮ ಮನೆಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದೋಸೆ ಹೆಂಚಿನ ಮೇಲೆ ಚಪಾತಿ ಬೇಯಿಸಿ ನೋಡಿ, ಅಮ್ಮ ಏನೆನ್ನುತ್ತಾರೆ ಅಂತ. ಎಣ್ಣೆ ಕುಡಿದು ಕುಡಿದು ಪಳಗಿದ ಹೆಂಚು ಅದು. ಒಣ ಹಿಟ್ಟು ಸುಟ್ಟರೆ ಮರುದಿನ ದೋಸೆ ಏಳುವುದಿಲ್ಲ. ಟೈಲರ್‌ನ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಬೈಗುಳ ಖಚಿತ. (ಇದಕ್ಕೆ ಎದುರಾಗಿ ಈಳಿಗೆಮಣೆಯೂ ನಮ್ಮಲ್ಲೇ ಇದೆ. ಕುಂಬಳಕಾಯಿ ಸೀಳುವ ಅಲಗು, ಅದರ ತುದಿಯಲ್ಲೇ ಕಾಯಿ ತುರಿಯುವ ಹಲ್ಲು. ಬ್ರೇಕೂ ಆಟವೂ ಒಂದೇ ಮಣೆಯಲ್ಲಿ.) ಬೇರೆ ಇಡುವುದೆಲ್ಲ ಮೇಲುಕೀಳಿನ ಕೆಲಸ ಎಂದು ಹಟ ಹಿಡಿದರೆ ಅಡುಗೆಮನೆಯೇ ನಗುತ್ತದೆ.

ಆದರೆ ಅದೇ ಅಡುಗೆಮನೆಯಲ್ಲಿ, ಕೆಲಸಕ್ಕೆ ಬರುವಾಕೆಗೆ ಕಾಫಿ ಕೊಡುವ ಲೋಟ ಎಷ್ಟೋ ಮನೆಗಳಲ್ಲಿ ಇಂದಿಗೂ ಬೇರೆ. ಹಿಂದೆ ಕೆಲವರ ಮನೆಗಳಲ್ಲಿ ಮಡಿಕೋಲು ಎಂಬುದೊಂದಿತ್ತು, ಎತ್ತರದ ಗಳುವಿನಿಂದ ಮಡಿಬಟ್ಟೆಯನ್ನು ಮುಟ್ಟದೆ ಎತ್ತಲು. ವ್ಯಾಕರಣದ ಮಟ್ಟಿಗೆ ‘ದೋಸೆ ಹೆಂಚು ಬೇರೆ ಇಡು’, ‘ಆ ಲೋಟ ಬೇರೆ ಇಡು’ ಎರಡೂ ಒಂದೇ ವಾಕ್ಯ. ಎರಡಕ್ಕೂ ಕೊಡುವ ಕಾರಣವೂ ಒಂದೇ ಥರ ಕೇಳಿಸುತ್ತದೆ: ಕೆಡುತ್ತದೆ. ಹೆಂಚಿನ ವಿಷಯದಲ್ಲಿ ಏನು ಕೆಡುತ್ತದೆಂದು ತೋರಿಸಬಹುದು, ದೋಸೆ ಹರಿದು ಬರುತ್ತದೆ. ಲೋಟದ ವಿಷಯದಲ್ಲಿ ತೋರಿಸಲು ಏನೂ ಇಲ್ಲ, ಆದರೂ ಹೇಳುವವರ ದನಿಯಲ್ಲಿ ಹೆಂಚಿನಷ್ಟೇ ವಿಶ್ವಾಸ. ಹೀಗಿರುವಾಗ ಯಾವ ವಿಂಗಡಣೆ ಕೆಲಸ ಬೇಡುವಂಥದ್ದು, ಯಾವುದು ಅಂತಸ್ತು ಬೇಡುವಂಥದ್ದು ಎಂದು ತಿಳಿಯುವುದು ಹೇಗೆ?

ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಇದರ ಬೇರಿಗೇ ಕೈಹಾಕಿದ್ದಾರೆ. ಜಾತಿ ಎಂದರೆ ಶ್ರಮವಿಭಜನೆ, ಎಲ್ಲ ನಾಗರಿಕ ಸಮಾಜಗಳಲ್ಲೂ ಇರುವಂಥದ್ದೇ ಎಂಬ ಸಮರ್ಥನೆಗೆ ಅವರ ಉತ್ತರ, ಅದು ಶ್ರಮವನ್ನಷ್ಟೇ ಅಲ್ಲ, ಶ್ರಮಿಕರನ್ನೇ ವಿಭಜಿಸಿ ಒಬ್ಬರ ಮೇಲೊಬ್ಬರನ್ನು ಕೂರಿಸುತ್ತದೆ ಎಂಬುದು. ಪೂಲ್ ಟೇಬಲ್‌ಗೆ ಹಚ್ಚಿದರೆ, ಎರಡು ಶಾಫ್ಟ್ ಇರುವುದು ಶ್ರಮದ ವಿಭಜನೆ. ಹಿಡಿದ ಕೈ ಎರಡಕ್ಕೂ ಒಂದೇ. ಬ್ರೇಕ್ ಹೊಡೆದವರು ತಾವು ಚದುರಿಸಿದ ಬಾಲ್‌ಗಳ ನಡುವೆಯೇ ಆಡಬೇಕು, ಈಗಲ್ಲದಿದ್ದರೆ ಎದುರಾಳಿಯ ಸರದಿ ಮುಗಿದ ಮೇಲೆ. ಒಡೆದದ್ದರ ಫಲ ಒಡೆದವರ ಕಣ್ಣೆದುರೇ ಹರಡಿಕೊಂಡಿರುತ್ತದೆ. ಕೋಲಿನ ಜೊತೆ ಕೈಯೂ ಬದಲಾಗಿಬಿಟ್ಟರೆ ಅದು ಬೇರೆಯೇ ಆಟ.

ಕೈ ಬದಲಾದ ಆಟದ ಚರಿತ್ರೆ ಹುಡುಕಿ ದೂರ ಹೋಗಬೇಕಿಲ್ಲ. ಬಿಲಿಯರ್ಡ್ಸ್ ಈ ಊರಿಗೆ ಕಂಟೋನ್ಮೆಂಟ್‌ನ ಕ್ಲಬ್‌ಗಳ ಮೂಲಕ ಬಂತು. ಸ್ನೂಕರ್ ಅಂತೂ ಹುಟ್ಟಿದ್ದೇ ಈ ನೆಲದಲ್ಲಿ, 1875ರಲ್ಲಿ ಜಬಲ್ಪುರದ ಬ್ರಿಟಿಷ್ ಅಧಿಕಾರಿಗಳ ಮೆಸ್ಸಿನಲ್ಲಿ. ನಿಯಮಗಳು ರೂಪ ಪಡೆದದ್ದು ನಮ್ಮ ಗಡಿಯಾಚೆಯ ಊಟಿ ಕ್ಲಬ್ಬಿನಲ್ಲಿ. ಆ ಕ್ಲಬ್‌ಗಳ ಬಿಲಿಯರ್ಡ್ಸ್ ಕೋಣೆಯಲ್ಲಿ ಮಾರ್ಕರ್ ಎಂಬ ನೌಕರನಿರುತ್ತಿದ್ದ. ಈ ಪದ ಕ್ಲಬ್‌ಗಳಲ್ಲಿ ಈಗಲೂ ಬಳಕೆಯಲ್ಲಿದೆ. ಅಂಕ ಬರೆಯುವುದು, ಟೇಬಲ್‌ನ ಬಟ್ಟೆಗೆ ಬ್ರಶ್ ಎಳೆದು ಇಸ್ತ್ರಿ ಹಾಕುವುದು, ಸವೆದ ಟಿಪ್ ಕಿತ್ತು ಹೊಸದು ಅಂಟಿಸುವುದು ಅವನ ಕೆಲಸ. ಟಿಪ್‌ನ ಗುಟ್ಟು ಬಲ್ಲ ಕೈ ಅದು, ಆದರೆ ಫಲಕದ ಮೇಲೆ ಸುವರ್ಣಾಕ್ಷರದಲ್ಲಿ ಏರುತ್ತಿದ್ದದ್ದು ಸದಸ್ಯರ ಹೆಸರು. ಕಾಲ ಬದಲಾಗಿಲ್ಲ ಎನ್ನಲಾರೆ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ತಮ್ಮ 18ನೇ ವಯಸ್ಸಿಗೆ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ ಮೇಲೆ ಈ ಆಟ ಪತ್ರಿಕೆಗಳ ಮೂಲಕ ಎಲ್ಲರ ಮನೆಗೂ ಬಂತು. ಇಂದು ಹೇರೋಹಳ್ಳಿಯ ಗಾರ್ಮೆಂಟ್ಸ್ ಕೆಲಸಗಾರರ ಮಕ್ಕಳೂ ನಾಲ್ಕು ಜನ ದುಡ್ಡು ಹಾಕಿ ಒಂದು ಗಂಟೆ ಆಡಬಹುದು.

ಅಂದಹಾಗೆ, ಸ್ನೂಕರ್‌ನಲ್ಲಿ ಬ್ರೇಕ್‌ಗೆಂದು ಬೇರೆ ಸ್ಟಿಕ್ ಇಲ್ಲ. ಅಲ್ಲಿ ಮೊದಲ ಏಟು ಒಡೆಯುವುದಕ್ಕಿಂತ ತಡವುವುದಕ್ಕೆ ಹತ್ತಿರ. ಕೆಂಪು ಬಾಲ್‌ಗಳ ಗುಂಪಿನ ಅಂಚನ್ನು ಬಿಳಿಯದು ಸವರಿ, ಸುತ್ತಿಕೊಂಡು ತಾನು ಹೊರಟ ತುದಿಗೇ ಮರಳಬೇಕು. ಎದುರಾಳಿಗೆ ಏನು ಬಿಟ್ಟುಕೊಡುತ್ತಿದ್ದೇನೆ ಎಂಬ ಲೆಕ್ಕ ಮೊದಲ ಏಟಿನಲ್ಲೇ ಇದೆ. ‘ಬ್ರೇಕ್’ ಎಂಬ ಮಾತಿಗೂ ಅಲ್ಲಿ ಇನ್ನೊಂದು ಅರ್ಥವಿದೆ, ಒಂದೇ ಸರದಿಯಲ್ಲಿ ಕಡಿಯದೆ ಕೂಡಿಸಿದ ಅಂಕಗಳ ಮೊತ್ತ. ಪೂಲ್‌ನಲ್ಲಿ ಒಡೆಯುವುದರ ಹೆಸರು ಸ್ನೂಕರ್‌ನಲ್ಲಿ ಕಟ್ಟುವುದರ ಹೆಸರು. ಭಾಷಾಶಾಸ್ತ್ರದ ಗೆಳೆಯರು ಇದರ ಮೇಲೆ ಒಂದು ಪ್ರಬಂಧ ಬರೆಯಲಿ.

ಸಂಶೋಧನೆಯ ಲೋಕದಲ್ಲೂ ಎರಡು ಕೋಲುಗಳಿವೆ. ಗೋಪಾಲ್ ಗುರು 2002ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಲೇಖನವೊಂದು ಭಾರತದ ಸಮಾಜವಿಜ್ಞಾನ ಸಿದ್ಧಾಂತದ ಬ್ರಾಹ್ಮಣರು, ಮಾಹಿತಿಯ ಶೂದ್ರರು ಎಂದು ಒಡೆದುಹೋಗಿದೆ ಎಂದು ವಾದಿಸಿತು. ಸುಂದರ್ ಸಾರುಕ್ಕೈ ಅದಕ್ಕೆ ಪ್ರತಿಕ್ರಿಯಿಸಿದರು. ಮುಂದೆ ಇಬ್ಬರ ಚರ್ಚೆ 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’ ಎಂಬ ಪುಸ್ತಕವಾಯಿತು. ಪಿಎಚ್.ಡಿ.ಗೆ ಸೇರುವ ಮೊದಲು ನಾನೂ ಯಾವುದೋ ಯೋಜನೆಯೊಂದಕ್ಕೆ ಮನೆಮನೆ ತಿರುಗಿ ಫಾರಂ ತುಂಬಿದ್ದೇನೆ. ತುಂಬಿದ ಫಾರಂಗೆ ಇಷ್ಟು ಎಂದು ಕೂಲಿ. ‘ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯಾರು?’ ಎಂಬ ಪ್ರಶ್ನೆಗೆ ನಾಲ್ಕು ಉತ್ತರ, ನಾಲ್ಕು ಸಂಕೇತ. ಒಬ್ಬ ಹೆಂಗಸು, ‘ಅವ್ರೇ ತಗೊಳ್ಳೋದು, ಆದ್ರೆ ನಾನು ಹೇಳ್ಕೊಟ್ಟಿರ್ತೀನಿ’ ಎಂದರು. ಅದಕ್ಕೆ ಸಂಕೇತವಿರಲಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದೆ. ವರದಿ ಬಂದಾಗ ಅದರಲ್ಲಿ ಕೋಷ್ಟಕಗಳಿದ್ದವು, ಅಂಚುಗಳಿರಲಿಲ್ಲ. ಹೆಸರು ಸಿಗಲಿಲ್ಲ ಎಂಬ ದೂರು ಚಿಕ್ಕದು, ಅದನ್ನು ಬಿಡೋಣ. ಬಾಲ್‌ಗಳು ಹೇಗೆ ಚದುರಿದವೆಂದು ನೋಡಿದವರು ಆಡಲಿಲ್ಲ, ಆಡಿದವರು ಚದುರಿದ್ದನ್ನು ನೋಡಲಿಲ್ಲ. ಇದರಲ್ಲಿ ಅನ್ಯಾಯದ ಜೊತೆಗೆ ಅಜ್ಞಾನವೂ ಇದೆ, ನನಗೆ ಹೆಚ್ಚು ಕಾಡುವುದು ಅದೇ.

ಇಲ್ಲಿಯವರೆಗೆ ಪ್ರಶ್ನೆ ಸಲೀಸು. ಕೈ ಒಂದೇ ಇದ್ದರೆ ಸರಿ, ಬೇರೆಯಾದರೆ ತಪ್ಪು ಎಂದು ಮುಗಿಸಿಬಿಡಬಹುದಿತ್ತು. ಆದರೆ ಕೈಯೂ ಒಂದೇ ಇದ್ದು, ಕೋಲು ಮನುಷ್ಯನೊಳಗೇ ಎರಡಾದರೆ? ನಮ್ಮ ಪಾರ್ಲರ್‌ನಲ್ಲಿ ಸೊಗಸಾಗಿ ಆಡುವ ಒಬ್ಬ ಹುಡುಗನಿಗೆ ಸಾಲ ವಸೂಲಿಯ ಫೋನ್ ಮಾಡುವ ಕೆಲಸ. ಟೇಬಲ್ ಪಕ್ಕ ಚಿಕ್ಕವರಿಗೆ ತಾಳ್ಮೆಯಿಂದ ಕೈ ಹಿಡಿದು ಕಲಿಸುವವನು ಫೋನ್ ಬಂದರೆ ಮೆಟ್ಟಿಲ ಬಳಿ ಹೋಗಿ ಗುರುತು ಸಿಗದ ಹಾಗೆ ಮಾತಾಡುತ್ತಾನೆ. ಕೇಳಿದರೆ, ‘ಅದು ಕೆಲಸದ ವಾಯ್ಸ್ ಗುರು, ಅದು ನಾನಲ್ಲ’ ಎನ್ನುತ್ತಾನೆ. ಮನೆಗೆ, ತಂಗಿಗೆ, ಆಟಕ್ಕೆ ಒಂದು ಶಾಫ್ಟ್. ಫೋನ್‌ಗೆ ಕಲ್ಲಿನ ಟಿಪ್. ನಯದ್ದು ಕೆಡದಿರಲಿ ಎಂದೇ ಒರಟನ್ನು ಬೇರೆ ಇಟ್ಟಿದ್ದಾನೆ.

ಇದನ್ನು ಸೋಗು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ ಚಾಕು ಹಿಡಿದಾಗ ಅಯ್ಯೋ ಎನ್ನುತ್ತ ಕೂರಲಾಗದು. ಶಿಕ್ಷೆ ಬರೆಯುವ ನ್ಯಾಯಾಧೀಶರಿಗೂ ಮನೆಯ ದನಿ ಬೇರೆಯೇ ಇರಬೇಕು. ಎರಡು ದನಿ ಬೇಡ ಎನ್ನುವವರು ಬಹುಶಃ ಒರಟು ಕೆಲಸ ಮಾಡಬೇಕಾಗಿ ಬಾರದವರು. ಆದರೆ ವೈದ್ಯೆ ಮರುದಿನ ಬೆಳಿಗ್ಗೆ ಅದೇ ರೋಗಿಯ ಹಾಸಿಗೆಯ ಬಳಿ ಬರುತ್ತಾಳೆ. ನ್ಯಾಯಾಧೀಶರು ಕಾರಣ ಬರೆದು ಸಹಿ ಹಾಕುತ್ತಾರೆ, ಮೇಲ್ಮನವಿಗೆ ಅವಕಾಶವಿರುತ್ತದೆ. ತಾವು ಒಡೆದ ಟೇಬಲ್‌ಗೆ ಇಬ್ಬರೂ ಮರಳುತ್ತಾರೆ. ಫೋನ್‌ನ ಆ ತುದಿಯಲ್ಲಿ ಏನು ಚದುರಿತು ಎಂಬುದು ಈ ಹುಡುಗನಿಗೆ ಕಾಣುವುದೇ ಇಲ್ಲ. ಡೇವಿಡ್ ಹ್ಯೂಮ್ 1748ರಲ್ಲಿ ಒಂದು ಬಿಲಿಯರ್ಡ್ಸ್ ಬಾಲ್ ಇನ್ನೊಂದಕ್ಕೆ ತಾಗುವುದನ್ನು ತೋರಿಸಿ, ಇಲ್ಲಿ ನಮಗೆ ಕಾಣುವುದು ಒಂದರ ಹಿಂದೆ ಒಂದು ಚಲನೆ ಮಾತ್ರ, ಅವೆರಡನ್ನು ಬಿಗಿದ ಕೊಂಡಿ ಕಾಣುವುದಿಲ್ಲ ಎಂದ. ಅವನು ಆರಿಸಿದ್ದು ಎರಡೇ ಬಾಲ್. ಹದಿನೈದು ಬಾಲ್‌ಗಳ ಬ್ರೇಕ್‌ನಲ್ಲಿ ಎರಡನೆಯ ಚಲನೆಯೂ ಹೊಡೆದವನ ಕಣ್ಣಿಗೆ ಬೀಳದಂತೆ ಕೋಣೆಗೆ ಪರದೆ ಎಳೆದರೆ? ‘ನಾನು ಫೋನ್ ಅಷ್ಟೇ ಮಾಡಿದ್ದು’ ಎಂಬ ಮಾತು ಆಗ ಸುಳ್ಳೂ ಆಗುವುದಿಲ್ಲ.

ಆ ಪರದೆ ಎಳೆದವನು ಹುಡುಗನಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಸಣ್ಣ ಸಾಲಗಳ ವಸೂಲಿಗೆ ಬಲಾತ್ಕಾರ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ ಎಂದಿತು. ಬೇಕಾಗಿದ್ದ ಕಾನೂನು. ಆದರೂ ಕೈಗೆ ಮೊದಲು ಸಿಗುವವರು ಬಾಗಿಲು ಬಡಿದವರು, ಫೋನ್ ಮಾಡಿದವರು. ಬ್ರೇಕ್ ಸ್ಟಿಕ್ ಅನ್ನು ಹಿಡಿದು ವಿಚಾರಣೆಗೆ ನಿಲ್ಲಿಸುವುದು ಸುಲಭ, ಅದರ ಮೈಮೇಲೆ ಏಟಿನ ಗುರುತಿರುತ್ತದೆ. ಆಡುವ ಶಾಫ್ಟ್ ಹೊಳೆಯುತ್ತ ಚೀಲದಲ್ಲಿರುತ್ತದೆ.

ಆ ಹುಡುಗನಿಗೆ ಈ ಎಲ್ಲ ಮಾತನ್ನು ಒಂದು ಸಂಜೆ ಹೇಳಿದೆ, ಹ್ಯೂಮ್‌ನನ್ನು ಬಿಟ್ಟು. ಟಿಪ್‌ಗೆ ಚಾಕ್ ತಿಕ್ಕುತ್ತ ಕೇಳಿಸಿಕೊಂಡ. ಆಮೇಲೆ, ತಾನು ಮಾತಾಡಿದವರಲ್ಲಿ ಒಬ್ಬರನ್ನಾದರೂ ನೋಡಬೇಕು ಅಂತ ಒಂದ್ಸಲ ಅನ್ನಿಸಿತ್ತು, ವಿಳಾಸ ಸ್ಕ್ರೀನ್ ಮೇಲೇ ಇತ್ತು, ಅಂದ್ರಹಳ್ಳಿ, ನಡೆದು ಹೋಗುವಷ್ಟು ಹತ್ತಿರ ಎಂದ. ಹೋದೆಯಾ ಎಂದು ಕೇಳಿದೆ. ‘ಹೋಗಿ ಯಾವ ವಾಯ್ಸ್‌ನಲ್ಲಿ ಮಾತಾಡ್ಲಿ ಹೇಳು’ ಎಂದು ಬಾಲ್‌ಗಳನ್ನು ತ್ರಿಕೋನಕ್ಕೆ ಜೋಡಿಸತೊಡಗಿದ.