ಸ್ಕ್ರೂಡ್ರೈವರ್ ಯಾರ ಕೈಯಲ್ಲಿ?

ಮಕ್ಕಳಿಗೆ ಸಹಾಯ ಮಾಡಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಎಷ್ಟು ಮಾಡಬೇಕು ಎಂದು ಕೇಳಿದಾಗ ಮಾತ್ರ ತಾಯಂದಿರೂ ಶಿಕ್ಷಕಿಯರೂ ತಡವರಿಸುತ್ತೇವೆ. ಮೂರು ವರ್ಷದ ಮಗು ತಾನೇ ಕಲಸಿ ತಿನ್ನುತ್ತೇನೆಂದು ಹಟ ಹಿಡಿದರೆ ಅರ್ಧ ಅನ್ನ ನೆಲಕ್ಕೆ ಬೀಳುತ್ತದೆ. ನಾವೇ ತಿನ್ನಿಸಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಬೆಳಗ್ಗೆ ಬಸ್ಸು ಹಿಡಿಯಬೇಕಾದವಳಿಗೆ ಆ ಹತ್ತು ನಿಮಿಷವೇ ದೊಡ್ಡದು. ಹೀಗೆ ನಮ್ಮ ಅವಸರ ಎಷ್ಟೋ ಸಲ ಪ್ರೀತಿಯ ವೇಷ ಹಾಕಿಕೊಂಡು ಬರುತ್ತದೆ.

ಈಗ ಈ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಶಾಲೆಯೊಳಗೆ ಬಂದಿದೆ. ಹಿಂದೆ ವಿಜ್ಞಾನ ವಸ್ತುಪ್ರದರ್ಶನವೆಂದರೆ ಥರ್ಮೋಕೋಲಿನ ಜ್ವಾಲಾಮುಖಿ, ಚಾರ್ಟಿನ ಮೇಲೆ ಹೃದಯದ ಚಿತ್ರ. ಈಗ ಆ ಮೇಜುಗಳ ಮೇಲೆ ರೋಬೋಟುಗಳು ಓಡಾಡುತ್ತಿವೆ. ಕೇಂದ್ರದ ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ, ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಗೊತ್ತುಮಾಡಲಾಯಿತು. ಇಂದು ದೇಶದಲ್ಲಿ ಅಂಥ ಲ್ಯಾಬುಗಳು 10 ಸಾವಿರಕ್ಕೂ ಮಿಕ್ಕಿವೆ. ನಮ್ಮ ಮಂಗಳೂರಿನ ಮಕ್ಕಳಿಗೂ ಸೆನ್ಸರ್, ಮೋಟಾರು, ಆರ್ಡುಯಿನೊ ಎಂಬ ಹೆಸರುಗಳು ಗೋಳಿಬಜೆಯಷ್ಟೇ ಪರಿಚಿತ.

ನಾನು ಕನ್ನಡ, ಸಮಾಜ ಪಾಠ ಹೇಳುವವಳು. ವಯರಿನ ಲೋಕ ನನ್ನದಲ್ಲ. ಆದರೂ ತಂಡದಲ್ಲಿ ಹುಡುಗಿಯರಿದ್ದರೆ ಜತೆಗೊಬ್ಬ ಟೀಚರ್ ಹೋಗಬೇಕಲ್ಲ, ಹಾಗೆ ಒಂದು ಸ್ಪರ್ಧೆಗೆ ಹೋಗಿದ್ದೆ. ನೆಲದ ಮೇಲಿನ ಕಪ್ಪು ಪಟ್ಟಿಯನ್ನು ಹಿಡಿದು ತಾನಾಗಿ ಸಾಗುವ ಪುಟ್ಟ ಗಾಡಿ ಮಾಡುವುದು ಅಲ್ಲಿನ ವಿಷಯ. ಗಾಡಿಯ ಅಡಿಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬಿಡುವ ಸೆನ್ಸರುಗಳಿರುತ್ತವೆ. ಬಿಳಿ ನೆಲ ಆ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಪಟ್ಟಿ ನುಂಗಿಬಿಡುತ್ತದೆ. ಆ ವ್ಯತ್ಯಾಸವನ್ನು ಹಿಡಿದು ಗಾಡಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಇಷ್ಟು ನನಗೂ ಅರ್ಥವಾಯಿತು, ಏಕೆಂದರೆ ಎಂಟನೇ ತರಗತಿಯ ಹುಡುಗಿಯೊಬ್ಬಳು ನನಗೆ ಹಾಗೆ ಬಿಡಿಸಿ ಹೇಳಿದಳು.

ಒಂದು ಶಾಲೆಯ ಗಾಡಿ ನೋಡಲು ಬಲು ಚೆಂದ. ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಆದರೆ ಪಟ್ಟಿ ಹಾಕಿದ್ದು ಕಿಟಕಿಯ ಪಕ್ಕ. ಮೋಡ ಸರಿದು ಬಿಸಿಲು ಬಿದ್ದೊಡನೆ ಗಾಡಿ ದಾರಿ ತಪ್ಪಿ ಗೋಡೆಯತ್ತ ಹೊರಟಿತು. ಬಿಸಿಲಿನಲ್ಲೂ ಅವಗೆಂಪು ಬೆಳಕು ಇರುತ್ತದಲ್ಲ, ಸೆನ್ಸರಿಗೆ ಕಪ್ಪು ಬಿಳುಪಿನ ಅಂತರ ತಿಳಿಯದಾಗಿತ್ತು. ಆ ತಂಡದ ನಾಲ್ಕು ಮಕ್ಕಳೂ ಗಾಡಿಯನ್ನು ನೋಡಲಿಲ್ಲ, ಜನರ ನಡುವೆ ತಮ್ಮ ಮಾರ್ಗದರ್ಶಕರನ್ನು ಹುಡುಕತೊಡಗಿದರು. ತೀರ್ಪುಗಾರರು ಮೆಲ್ಲಗೆ, "ಇದನ್ನು ಯಾರು ಮಾಡಿದ್ದು ಮಗಾ?" ಎಂದು ಕೇಳಿದರು. "ನಾವೇ ಸರ್" ಎಂದ ಹುಡುಗ ತಲೆಯೆತ್ತಲಿಲ್ಲ. ಇನ್ನೊಂದು ತಂಡದ ಗಾಡಿ ರಟ್ಟು, ರಬ್ಬರ್ ಬ್ಯಾಂಡು ಸುತ್ತಿದ ಬಡಪಾಯಿ. ಅದೂ ದಾರಿ ತಪ್ಪಿತು. ಆದರೆ ಅದರ ಹುಡುಗಿ ಕಪ್ಪು ಕಾಗದ ಹರಿದು ಸೆನ್ಸರಿನ ಸುತ್ತ ಅಂಟಿಸಿದಳು, ಸಣ್ಣ ಸ್ಕ್ರೂಡ್ರೈವರಿನಿಂದ ಏನನ್ನೋ ಒಂದು ಸುತ್ತು ತಿರುಗಿಸಿದಳು. ಗಾಡಿ ತಡವರಿಸುತ್ತಲೇ ಪಟ್ಟಿಯ ಕೊನೆ ಮುಟ್ಟಿತು.

ಆ ಹುಡುಗನ "ನಾವೇ ಸರ್" ನನ್ನನ್ನು ಬಹಳ ದಿನ ಕಾಡಿತು. ಸುಳ್ಳು ಹೇಳಬಾರದೆಂದು ನೀತಿಪಾಠ ಹೇಳುವ ನಾವೇ ಅವನನ್ನು ಸುಳ್ಳು ಹೇಳದೆ ವಿಧಿಯಿಲ್ಲದ ಜಾಗದಲ್ಲಿ ನಿಲ್ಲಿಸಿದ್ದೆವು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ನಿನ್ನ ಕೈಯ ಕೆಲಸ ಜನರೆದುರು ಇಡಲು ಯೋಗ್ಯವಲ್ಲ ಎಂಬ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಅವನು ಕಲಿತಿದ್ದ.

ಹಾಗಾದರೆ ದೊಡ್ಡವರು ಕೈಕಟ್ಟಿ ಕೂರಬೇಕೆ? ಅದೂ ನ್ಯಾಯವಲ್ಲ. ಅಪ್ಪ ಇಂಜಿನಿಯರಾಗಿರುವ ಮಗುವಿಗೆ ಮನೆಯಲ್ಲೇ ಸಹಾಯ ಸಿಗುತ್ತದೆ. ಅಮ್ಮ ಬೀಡಿ ಕಟ್ಟುವ, ಅಪ್ಪ ಬಂದರಿನಲ್ಲಿ ದುಡಿಯುವ ಮಗುವಿಗೆ ಬ್ಯಾಟರಿ ಉಲ್ಟಾ ಹಾಕಬಾರದೆಂದು ಹೇಳಿಕೊಡುವವರು ಶಾಲೆಯಲ್ಲೇ ಸಿಗಬೇಕು. ಎಲ್ಲರೂ ತಾವಾಗಿ ಕಲಿಯಲಿ ಎಂದು ಬಿಟ್ಟರೆ ಮೊದಲೇ ಕಲಿತವನೊಬ್ಬನೇ ಮುಂದೆ ಹೋಗುತ್ತಾನೆ.

ತಂಡದ ಒಳಗೂ ಹಾಗೆಯೇ. ಬಿಟ್ಟ ಕಡೆ ಬಿಟ್ಟರೆ ಹುಡುಗರು ಸ್ಕ್ರೂಡ್ರೈವರ್ ಹಿಡಿಯುತ್ತಾರೆ, ಹುಡುಗಿಯರು ಚಾರ್ಟಿಗೆ ಬಣ್ಣ ಹಚ್ಚಿ, ಬಂದವರಿಗೆ ನಗುನಗುತ್ತಾ ವಿವರಿಸಲು ನಿಲ್ಲುತ್ತಾರೆ. ಅಡುಗೆ ಮನೆಯ ಲೆಕ್ಕಾಚಾರವೇ ಲ್ಯಾಬಿಗೂ ಬರುತ್ತದೆ. ಆಗ ಟೀಚರ್ ಮಧ್ಯೆ ಬಂದು ಉಪಕರಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಲೇಬೇಕು. ಗಾಡಿಗೆ ಕೈ ಹಾಕದೆಯೂ ಮಾಡಬಹುದಾದ ದೊಡ್ಡ ಸಹಾಯ ಇದು.

ನಮ್ಮ ಕರಾವಳಿಗೆ ಈ ಸೂಕ್ಷ್ಮ ಹೊಸದೇನಲ್ಲ. ಮಕ್ಕಳ ಯಕ್ಷಗಾನದ ಚೌಕಿಗೆ ಒಮ್ಮೆ ಹೋಗಿ ನೋಡಿ. ಹಿರಿಯರು ಬಣ್ಣ ಹಚ್ಚುತ್ತಾರೆ, ಗೆಜ್ಜೆ ಕಟ್ಟುತ್ತಾರೆ, ಕಿರೀಟ ಬಿಗಿಯುತ್ತಾರೆ. ಅರ್ಥವನ್ನೂ ಮೊದಮೊದಲು ಗುರುಗಳೇ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಇಷ್ಟು ಸಹಾಯವನ್ನು ಯಾರೂ ಮೋಸವೆನ್ನುವುದಿಲ್ಲ. ಆದರೆ ರಂಗಸ್ಥಳಕ್ಕೆ ಬಂದಮೇಲೆ ಕುಣಿಯಬೇಕಾದ್ದು ಹುಡುಗನೇ. ಹೆಜ್ಜೆ ತಪ್ಪಿದರೆ ಭಾಗವತರು ತಾಳವನ್ನು ತುಸು ಸಡಿಲಿಸಿ ಕಾಯ್ದಾರು, ಜಾಗಟೆ ಕೆಳಗಿಟ್ಟು ಬಂದು ಅವನ ಬದಲು ಕುಣಿಯುವುದಿಲ್ಲ. ಗುರುವಿನ ಜಾಗ ಎಲ್ಲಿಯವರೆಗೆ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು.

ವಿಜ್ಞಾನದ ಮಂದಿಯೂ ಇದನ್ನು ಯೋಚಿಸದೆ ಇಲ್ಲ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿ, ಮಾರ್ಗದರ್ಶಿ ಶಿಕ್ಷಕರೊಂದಿಗೆ ಅಧ್ಯಯನ ಮಾಡಿ, ದಿನದಿನದ ಕೆಲಸವನ್ನು ಪುಸ್ತಕದಲ್ಲಿ ಬರೆದಿಡಬೇಕಿತ್ತು. 2004ರಲ್ಲಿ ಆರಂಭವಾಗಿ, 2016ರಲ್ಲಿ ದೆಹಲಿಗೂ ಬಂದ ವಿಶ್ವ ರೋಬೋಟ್ ಒಲಿಂಪಿಯಾಡಿನಲ್ಲಿ ಸ್ಪರ್ಧೆಯ ಹೊತ್ತಿಗೆ ತರಬೇತುದಾರರು ಮಕ್ಕಳ ಜಾಗಕ್ಕೆ ಕಾಲಿಡುವಂತಿಲ್ಲ. ಆದರೆ ನಿಯಮ ಕಾಯುವುದು ಸ್ಪರ್ಧೆಯ ದಿನವನ್ನು ಮಾತ್ರ. ಅದಕ್ಕೆ ಮುಂಚಿನ ಮೂರು ತಿಂಗಳನ್ನು ಕಾಯಬೇಕಾದ್ದು ನಮ್ಮ ಮನಸ್ಸು.

ಆ ಮನಸ್ಸಿಗೆ ಸೆಳೆತಗಳೂ ಕಡಿಮೆಯಿಲ್ಲ. ಬಹುಮಾನ ಬಂದರೆ ಪತ್ರಿಕೆಯಲ್ಲಿ ಫೋಟೊ, ಶಾಲೆಗೆ ಹೆಸರು, ಮುಂದಿನ ವರ್ಷ ಹೆಚ್ಚು ಅಡ್ಮಿಶನ್. ಮಾರ್ಗದರ್ಶಕರಿಗೂ ತಮ್ಮ ಜಾಣ್ಮೆ ತೋರಿಸುವ ಆಸೆ. ಅವರು ಕೆಟ್ಟವರೆಂದಲ್ಲ. ಮಗು ಸೋಲುವುದನ್ನು ನೋಡುತ್ತ ಸುಮ್ಮನಿರುವುದು ನಿಜಕ್ಕೂ ಕಷ್ಟದ ಕೆಲಸ. ಆದರೆ ಆ ಕಷ್ಟ ನಮ್ಮದು, ಅದರಿಂದ ತಪ್ಪಿಸಿಕೊಳ್ಳಲು ಮಗುವಿನ ಕೆಲಸವನ್ನು ಕಸಿಯುವ ಹಕ್ಕು ನಮಗಿಲ್ಲ.

ನನಗೆ ತೋಚಿದ ಅಳತೆ ಇಷ್ಟೇ. ಮಗುವಿಗೆ ಗೊತ್ತಿಲ್ಲದ್ದನ್ನು ತೋರಿಸಿಕೊಡಬಹುದು, ಆದರೆ ತೋರಿಸಿದ ಮೇಲೆ ಬಿಚ್ಚಿ ಅದರ ಕೈಗೇ ಕೊಡಬೇಕು. ಅಪಾಯವಿದ್ದಲ್ಲಿ, ಬಿಸಿ ಬೆಸುಗೆ ಕಡ್ಡಿಯೋ ಕರೆಂಟೋ ಇದ್ದಲ್ಲಿ, ಪಕ್ಕದಲ್ಲೇ ನಿಲ್ಲಬೇಕು. ಉಳಿದೆಡೆ ತಪ್ಪು ನಿರ್ಧಾರ ಮಾಡುವ ಸ್ವಾತಂತ್ರ್ಯವೂ ಮಕ್ಕಳದ್ದೇ ಆಗಿರಬೇಕು. ನಾವಿಲ್ಲದಾಗ ಕೆಟ್ಟರೆ ಅದನ್ನು ಸರಿಪಡಿಸಲು ಅವರು ಕೈಯಾದರೂ ಹಾಕಬಲ್ಲರೆ? ಹೌದಾದರೆ ನಮ್ಮ ಸಹಾಯ ಸಹಾಯವಾಗಿತ್ತು. ಇಲ್ಲವಾದರೆ ಅದು ನಮ್ಮದೇ ಪ್ರದರ್ಶನ, ಮಕ್ಕಳು ಅದರ ಕಾವಲುಗಾರರು.

ತಾಯಂದಿರಿಗೆ ನನ್ನದೊಂದು ಮಾತು. ಮಗು ಸ್ಪರ್ಧೆ ಮುಗಿಸಿ ಮನೆಗೆ ಬಂದಾಗ "ಪ್ರೈಸ್ ಬಂತಾ?" ಎಂದು ಮೊದಲು ಕೇಳಬೇಡಿ. "ಎಲ್ಲಿ ಕೆಟ್ಟುಹೋಯಿತು, ಆಗ ನೀನೇನು ಮಾಡಿದಿ?" ಎಂದು ಕೇಳಿ. ಕೆಲಸ ತನ್ನದೇ ಆಗಿದ್ದರೆ ಮಗು ಚಹಾ ಆರುವವರೆಗೂ ಮಾತು ನಿಲ್ಲಿಸುವುದಿಲ್ಲ. ಒಂದೇ ಮಾತಿನಲ್ಲಿ ಉತ್ತರ ಮುಗಿದರೆ, ಗದರಬೇಡಿ. ಸ್ಕ್ರೂಡ್ರೈವರ್ ಯಾರ ಕೈಯಲ್ಲಿತ್ತೆಂದು ಶಾಲೆಗೆ ಹೋಗಿ ನಮ್ಮನ್ನು ಕೇಳಿ.