ಮಣಿಸರ ಯಾರ ಕೊರಳಿಗೆ?

"ಇದು ಪಾಪ ಅಲ್ವಾ ಸಿಸ್ಟ್ರಮ್ಮ?"

ರಾಮನಗರ ಕಡೆಯ ಮರಳವಾಡಿ ಹೋಬಳಿಯಲ್ಲಿ ಎ.ಎನ್.ಎಂ. (ದಾದಿ, ಸೂಲಗಿತ್ತಿ) ಆಗಿ ಊರೂರು ಸುತ್ತುತ್ತಿದ್ದ ಕಾಲದಲ್ಲಿ, ನನ್ನ ಚೀಲದಿಂದ ಬಸಿರು ತಡೆಯುವ ಮಾತ್ರೆ ಚೀಟಿಯೋ ವಂಕಿಯೋ ಹೊರಗೆ ಬಂದ ಕೂಡಲೇ ಹೆಂಗಸರು ಕೇಳುತ್ತಿದ್ದ ಮಾತಿದು. ತಲೆ ಸುತ್ತುತ್ತದಾ, ಹೊಟ್ಟೆ ನೋಯುತ್ತದಾ ಅನ್ನುವುದಕ್ಕೆಲ್ಲ ಉತ್ತರ ನನಗೆ ಕಲಿಸಿದ್ದರು. ಪಾಪದ ಪ್ರಶ್ನೆಗೆ ಕಲಿಸಿರಲಿಲ್ಲ. "ಪಾಪ ಗೀಪ ಏನಿಲ್ಲ ಬಿಡವ್ವ" ಅಂದು ಮುಂದಿನ ಮನೆಗೆ ನಡೆಯುತ್ತಿದ್ದೆ. ಈಗ ಪೆನ್ಶನ್ ಬರುತ್ತಿದೆ, ಯೋಚನೆ ಮಾಡುವುದಕ್ಕೆ ಪುರುಸೊತ್ತೂ ಇದೆ.

ಒಂದು ವಿಚಿತ್ರ ಆಗಲೇ ಕಣ್ಣಿಗೆ ಬಿದ್ದಿತ್ತು. ಮಾತ್ರೆ ಬೇಡ, ವಂಕಿ ಬೇಡ, ಆಪರೇಷನ್ ಹೆಸರೇ ಎತ್ತಬೇಡಿ ಅನ್ನುತ್ತಿದ್ದವರೂ ದಿನ ಲೆಕ್ಕ ಹಾಕಿ ದೂರ ಇರುವ ಮಾತಿಗೆ ಪಾಪ ಅನ್ನುತ್ತಿರಲಿಲ್ಲ. ಅಮಾವಾಸ್ಯೆ, ಶಿವರಾತ್ರಿ, ಶ್ರಾವಣ ಸೋಮವಾರ ಎಂದು ದಿನ ಬಿಡುವುದು ಮನೆಯಲ್ಲಿ ರೂಢಿಯೇ. ದಿನ ಬಿಟ್ಟರೆ ವ್ರತ, ಮಾತ್ರೆ ನುಂಗಿದರೆ ಪಾಪ.

ಹೀಗೆ ಅಂದುಕೊಂಡವರು ಹಳ್ಳಿ ಹೆಂಗಸರು ಮಾತ್ರವಲ್ಲ. 1935ರ ಡಿಸೆಂಬರ್‌ನಲ್ಲಿ ಅಮೆರಿಕದ ಗರ್ಭನಿರೋಧ ಚಳವಳಿಯ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿ ಜತೆ ಗರ್ಭನಿರೋಧದ ಬಗ್ಗೆ ವಾದಿಸಿದರು. ಗಾಂಧೀಜಿ ಯಾವ ಸಾಧನಕ್ಕೂ ಒಪ್ಪಲಿಲ್ಲ. ಗರ್ಭ ನಿಲ್ಲದ ದಿನಗಳನ್ನು ನೋಡಿಕೊಳ್ಳುವ ವಿಧಾನದ ಬಗ್ಗೆ ಮಾತ್ರ ಅವರಿಗೆ ಅಷ್ಟು ವಿರೋಧವಿರಲಿಲ್ಲ, ಅದರಲ್ಲಿ ಸ್ವಲ್ಪವಾದರೂ ಸಂಯಮ ಇದೆ ಎಂಬ ಕಾರಣಕ್ಕೆ. 1951ರ ಅಕ್ಟೋಬರ್‌ನಲ್ಲಿ ಪೋಪ್ ಹನ್ನೆರಡನೇ ಪಯಸ್ ಕೂಡ, ಗಂಭೀರ ಕಾರಣವಿದ್ದರೆ, ಇದೊಂದಕ್ಕೆ ಬಾಗಿಲು ತೆರೆದರು. ಅವರು ಅದನ್ನು ಹೇಳಿದ್ದು ಇಟಲಿಯ ಸೂಲಗಿತ್ತಿಯರ ಮುಂದೆ, ಅಂದರೆ ನಮ್ಮ ಕಸುಬಿನವರ ಮುಂದೆ! ಕೆಲ ಕಾಲ ಹಾರೋಬೆಲೆ ಕಡೆ ಡ್ಯೂಟಿ ಬಿದ್ದಿದ್ದಾಗ ಒಬ್ಬ ಕ್ರೈಸ್ತ ಹೆಂಗಸು ಈ ಇಡೀ ಧರ್ಮಶಾಸ್ತ್ರವನ್ನು ನನಗೆ ಒಂದೇ ಮಾತಿನಲ್ಲಿ ಮುಗಿಸಿಕೊಟ್ಟಳು: "ಫಾದರ್ ಒಪ್ತಾರೆ ಸಿಸ್ಟರ್, ನಮ್ಮನೆಯವ್ರು ಒಪ್ಬೇಕಲ್ಲ?"

ಇದೇ ಸಂಯಮದ ಪ್ರಯೋಗ ನಮ್ಮ ಕಾಲಬುಡದಲ್ಲೇ ನಡೆಯಿತು. ರಾಮನಗರಕ್ಕೆ ಬಂದವರಿಗೆ ಶೋಲೆಯ ಬಂಡೆ ತೋರಿಸುತ್ತಾರೆ, ರೇಷ್ಮೆಗೂಡಿನ ಮಾರುಕಟ್ಟೆ ತೋರಿಸುತ್ತಾರೆ. ಇದನ್ನು ಯಾರೂ ಹೇಳುವುದಿಲ್ಲ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ವರ್ಷಗಟ್ಟಲೆ ಗಾಂಧೀಜಿಯ ಕಾರ್ಯದರ್ಶಿಯಾಗಿದ್ದವರು. ಜನಸಂಖ್ಯೆಯ ಬಗ್ಗೆ ಏನಾದರೂ ಮಾಡಲೇಬೇಕು ಎಂದಾದಾಗ ಅವರು ವಿಶ್ವ ಆರೋಗ್ಯ ಸಂಸ್ಥೆಯಿಂದ ಸಹಾಯ ಕೇಳಿದ್ದು ಈ ದಿನ ಲೆಕ್ಕದ ವಿಧಾನಕ್ಕೆ ಮಾತ್ರ. ಅಮೆರಿಕದಿಂದ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. 1952ರಲ್ಲಿ ಎರಡು ಕಡೆ ಪ್ರಯೋಗ ಶುರುವಾಯಿತು: ದೆಹಲಿಯ ಲೋದಿ ಕಾಲೋನಿ ಒಂದು, ಇನ್ನೊಂದು ನಮ್ಮ ರಾಮನಗರ. ನಮ್ಮ ಮೈಸೂರು ಸರ್ಕಾರ ಗರ್ಭನಿರೋಧದ ಕ್ಲಿನಿಕ್ ತೆರೆಯಲು 1930ರಲ್ಲೇ ಆದೇಶ ಹೊರಡಿಸಿತ್ತು. ಲೋಕದಲ್ಲೇ ಮೊದಲ ಸರ್ಕಾರಿ ಕ್ಲಿನಿಕ್ಕುಗಳು ಅವು ಅನ್ನುತ್ತಾರೆ. ಅಂಥ ಸೀಮೆಯ ಹೆಂಗಸರ ಕೈಗೆ ಇಪ್ಪತ್ತು ವರ್ಷದ ಮೇಲೆ ಬಂದದ್ದು ಒಂದು ಮಣಿಸರ.

ಹಸಿರು ಮಣಿ ಭಯವಿಲ್ಲದ ದಿನ, ಕೆಂಪು ಮಣಿ ಗರ್ಭ ನಿಲ್ಲುವ ದಿನ. ದಿನಕ್ಕೊಂದು ಮಣಿ ಸರಿಸಬೇಕು. ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ ಎಂಬ ದೂರು ಬಂದ ಮೇಲೆ ಬೆರಳಿಗೆ ಗೊತ್ತಾಗುವಂತೆ ಮಣಿಯ ಆಕಾರವನ್ನೇ ಬೇರೆ ಮಾಡಿದರು. ಕೆಲವರು ಹಿಂದಕ್ಕೆ ಸರಿಸಿದರು, ಅದಕ್ಕೊಂದು ಕೊಂಡಿ ಹಾಕಿದರು. ಕೆಲವರು ನಾಚಿಕೊಂಡು ಕೊರಳಿಗೆ ಹಾಕಲೇ ಇಲ್ಲ. ಇನ್ನು ಕೆಲವರು ಮಣಿ ಸರಿಸಿದರೆ ಸಾಕು, ಬಸಿರು ನಿಲ್ಲುವುದಿಲ್ಲ ಎಂದುಕೊಂಡರಂತೆ. ಕಡೆಗೆ ಪ್ರಯೋಗ ಕೈಗೂಡಲಿಲ್ಲ, ಸರ್ಕಾರ ಬೇರೆ ದಾರಿ ಹಿಡಿಯಿತು.

ಮಣಿ ಸರಿಸಿದರೆ ಸಾಕು ಅಂದುಕೊಂಡವರ ಸಂಗತಿಯನ್ನು ಪುಸ್ತಕಗಳಲ್ಲಿ ತಮಾಷೆಯಾಗಿ ಬರೆಯುತ್ತಾರೆ, ಹಳ್ಳಿ ಹೆಂಗಸರು ಸರವನ್ನು ತಾಯಿತ ಮಾಡಿಕೊಂಡರು ಎಂದು. ನನಗೆ ನಗು ಬರುವುದಿಲ್ಲ. ಕತ್ತಲಲ್ಲಿ ಮಣಿ ಚೌಕವೋ ದುಂಡೋ ಎಂದು ತಡಕಾಡುತ್ತಿದ್ದವಳು ಅವಳು. ಕೆಂಪು ದಿನದ ಚೌಕ ಸಿಕ್ಕಿದರೆ ಬೇಡ ಅನ್ನಬೇಕಾದವಳೂ ಅವಳೇ. ಹಾಗನ್ನುವ ಧೈರ್ಯ ಎಷ್ಟು ಮನೆಯಲ್ಲಿತ್ತು? ಬೇಡ ಅನ್ನಲಾಗದವಳು ಮಣಿಯನ್ನೇ ನಂಬಿದಳು. ಅವಳ ಕೈಯಲ್ಲಿದ್ದದ್ದು ಅಷ್ಟೇ.

ಧರ್ಮಶಾಸ್ತ್ರವೂ ಇದೇ ದಿನಗಳನ್ನು ಎಣಿಸಿದೆ. ಮನುವಿನ ಜತೆ ನನಗೆ ಬೇರೆ ಬೇಕಾದಷ್ಟು ಜಗಳಗಳಿವೆ, ಆದರೆ ಈ ಲೆಕ್ಕ ನೋಡುವಂತಿದೆ. ಮುಟ್ಟಾದ ದಿನದಿಂದ ಹದಿನಾರು ರಾತ್ರಿ ಋತುಕಾಲ. ಮೊದಲ ನಾಲ್ಕು, ಹನ್ನೊಂದನೆಯದು, ಹದಿಮೂರನೆಯದು ನಿಷಿದ್ಧ. ಸಮ ರಾತ್ರಿ ಗಂಡು, ಬೆಸ ರಾತ್ರಿ ಹೆಣ್ಣು ಎನ್ನುವ ನಂಬಿಕೆ ಬೇರೆ. ಇತ್ತೀಚೆಗೆ ಉತ್ತರದ ಕೆಲವು ರಾಜ್ಯಗಳಲ್ಲಿ ಮಾಲಾ ಚಕ್ರ ಎಂಬ ಹೆಸರಿನಲ್ಲಿ ಬಂದ ಹೊಸ ಮಣಿಸರ ಎಂಟರಿಂದ ಹತ್ತೊಂಬತ್ತನೇ ದಿನದವರೆಗೆ ದೂರ ಇರಿ ಅನ್ನುತ್ತದೆ. ನಿಷಿದ್ಧವಾದ ಎರಡು ರಾತ್ರಿ ಬಿಟ್ಟರೆ, ಎಂಟರಿಂದ ಹದಿನಾರರವರೆಗೆ ಎರಡು ಲೆಕ್ಕವೂ ಕೂಡುತ್ತವೆ! ಅಲ್ಲಿ ಮಗು ಬೇಕೆಂದು ಎಣಿಸಿದರು, ಇಲ್ಲಿ ಬೇಡವೆಂದು.

ನನ್ನ ಮನಸ್ಸು ನಿಂತದ್ದು ಇನ್ನೊಂದು ಕಡೆ. ನಿಷಿದ್ಧವಾದ ಆರು ರಾತ್ರಿಗಳ ಜತೆ ಇನ್ನೂ ಎಂಟು ರಾತ್ರಿ ಬಿಟ್ಟವನು, ಸಂಸಾರಿಯಾಗಿದ್ದರೂ ಬ್ರಹ್ಮಚಾರಿಯೇ ಎಂದು ಮನು ಹೇಳುತ್ತಾನೆ. ಬಿಟ್ಟವನು. ಎಣಿಸಬೇಕಾದವನು, ತಡೆದುಕೊಳ್ಳಬೇಕಾದವನು, ಪುಣ್ಯ ಪಡೆಯುವವನು ಗಂಡಸು. ಗಾಂಧೀಜಿ ಮೆಚ್ಚಿದ ಸಂಯಮವೂ ಅದೇ ಇರಬೇಕು. ಆ ಸಂಯಮ ರಾಮನಗರಕ್ಕೆ ಬರುವ ಹೊತ್ತಿಗೆ ಮಣಿಸರವಾಗಿ ಹೆಂಗಸಿನ ಕೊರಳಿಗೆ ಬಿತ್ತು.

ನಮ್ಮ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ದಿನ ಎಣಿಸದ ಗಂಡಸಿಲ್ಲ. ಹುಳು ಪೊರೆ ಬಿಡುವ ಎರಡನೇ ಜ್ವರ ಎದ್ದಿತೇ, ನಾಲ್ಕನೇ ಜ್ವರಕ್ಕೆ ಕೂತಿತೇ, ಹಣ್ಣಾಗುವುದು ಎಂದು, ಗೂಡು ಕಟ್ಟಿಸಲು ಚಂದ್ರಿಕೆ ಎಷ್ಟು ಬೇಕು, ಎಲ್ಲ ಬಾಯಿಪಾಠ. ಹಂಗಾಮು ನಡೆಯುತ್ತಿದ್ದ ಒಂದು ಮನೆಯಲ್ಲಿ, ಮೂರು ಹೆತ್ತು ನಾಲ್ಕನೆಯದು ಬೇಡವೆಂದಿದ್ದ ಹೆಂಗಸಿಗೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವುದನ್ನು ಹೇಳಿಕೊಡುತ್ತಿದ್ದೆ. ಅವಳು ಸೊಪ್ಪು ಕತ್ತರಿಸುತ್ತಲೇ ಕೇಳಿಸಿಕೊಂಡಳು. ಆಮೇಲೆ ಮಚ್ಚು ಕೆಳಗಿಟ್ಟು ಹುಳು ಮನೆಯ ಕಡೆ ಗಲ್ಲ ತೋರಿಸಿದಳು. "ಹುಳದ ದಿನ ಅವ್ರು ರಾತ್ರಿ ನಿದ್ದೆಗೆಟ್ಟು ಎಣಿಸ್ತಾರೆ ಸಿಸ್ಟ್ರಮ್ಮ. ನನ್ ದಿನ ನಾನೊಬ್ಬಳೇ ಎಣಿಸ್ಬೇಕಾ?"

ಮುಟ್ಟಾದವರು ಆ ಮನೆಯಲ್ಲಿ ಹುಳುವಿನ ತಟ್ಟೆ ಮುಟ್ಟುವಂತಿರಲಿಲ್ಲ. ಆದ್ದರಿಂದ ಅವಳ ಮೊದಲನೇ ದಿನ ಯಾವುದೆಂದು ಅತ್ತೆ, ಮಾವ, ಮೈದುನ ಎಲ್ಲರಿಗೂ ಗೊತ್ತು. ಹನ್ನೆರಡನೇ ದಿನ ಯಾವುದು ಅನ್ನುವುದು ಮಾತ್ರ ಅವಳೊಬ್ಬಳ ತಲೆನೋವು. ಮೈಲಿಗೆಯ ಲೆಕ್ಕ ಊರಿಗೆಲ್ಲ, ಬಸಿರಿನ ಲೆಕ್ಕ ಅವಳಿಗೆ.

ಈಗ ಲೆಕ್ಕಕ್ಕೆ ಯಂತ್ರ ಬಂದಿದೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗಳು ಬೆರಳಿಗೆ ಒಂದು ಉಂಗುರ ಹಾಕಿಕೊಂಡಿದ್ದಾಳೆ. ರಾತ್ರಿಯೆಲ್ಲ ಅದು ಮೈಶಾಖ ನೋಡಿ ಬೆಳಗ್ಗೆ ಫೋನಿಗೆ ಹೇಳುತ್ತದೆ. ಅಂಡ ಬಿಡುಗಡೆಯಾದ ಮೇಲೆ ಹೆಂಗಸಿನ ಮೈಶಾಖ ಅರ್ಧ ಡಿಗ್ರಿ ಸೆಲ್ಸಿಯಸ್‌ನೊಳಗೆ ಒಂದಿಷ್ಟು ಏರುತ್ತದೆ, ಅದನ್ನು ಹಿಡಿಯುವುದೇ ಇದರ ಕೆಲಸ. ಆದರೆ ಶಾಖ ಏರುವುದು ಅಂಡ ಬಂದ ಮೇಲೆ, ಗಂಡಸಿನ ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಲ್ಲದು. ಹಾಗಾಗಿ ಮುಂದಿನ ದಿನಗಳನ್ನು ಯಂತ್ರವೂ ಹಿಂದಿನ ತಿಂಗಳುಗಳನ್ನು ನೋಡಿಯೇ ಅಂದಾಜು ಮಾಡಬೇಕು. ಜ್ವರ ಬಂದರೆ, ನಿದ್ದೆಗೆಟ್ಟರೆ, ಹಾರೋಹಳ್ಳಿ ಫ್ಯಾಕ್ಟರಿಯ ಹೆಣ್ಣುಮಕ್ಕಳಂತೆ ನೈಟ್ ಶಿಫ್ಟ್ ಮಾಡಿದರೆ ಲೆಕ್ಕ ತಪ್ಪುತ್ತದೆ. ಸ್ವೀಡನ್ನಿನ ನ್ಯಾಚುರಲ್ ಸೈಕಲ್ಸ್ ಎಂಬ ಆ್ಯಪ್‌ಗೆ 2018ರಲ್ಲಿ ಅಮೆರಿಕದ ಸರ್ಕಾರ ಗರ್ಭನಿರೋಧಕ ಎಂದೇ ಮಾನ್ಯತೆ ಕೊಟ್ಟಿತು. ಸಾಧಾರಣವಾಗಿ ಬಳಸುವ ನೂರು ಹೆಂಗಸರಲ್ಲಿ ವರ್ಷಕ್ಕೆ ಆರೇಳು ಮಂದಿ ಬಸಿರಾಗುತ್ತಾರೆ ಎಂಬ ಲೆಕ್ಕದ ಮೇಲೆ. ಮಣಿಸರಕ್ಕಿಂತ ವಾಸಿಯೇ. ಅದು ದಿನಗಳನ್ನು ತೋರಿಸುವುದು ಹೇಗೆ ಗೊತ್ತೇ? ಹಸಿರು, ಕೆಂಪು!

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಮೈಯ ಸಮಾಚಾರ ಹೆಂಗಸಿಗೆ ಮೊದಲು ಗೊತ್ತಾಗುವುದು ದೊಡ್ಡ ಮಾತು. ಪಾಪದ ಪ್ರಶ್ನೆಗೂ ಈಗ ನನ್ನ ಹತ್ತಿರ ಉತ್ತರವಿದೆ: ಮಾತ್ರೆಯಲ್ಲಿ ಪಾಪವಿಲ್ಲ, ದಿನ ಎಣಿಸುವುದರಲ್ಲಿ ಪುಣ್ಯವೂ ಇಲ್ಲ. ಎಣಿಸುವುದು ಬರೀ ಲೆಕ್ಕ. ಸತ್ಯನಾರಾಯಣ ಪೂಜೆಗೆ ಗಂಡ ಸಂಕಲ್ಪ ಮಾಡುವಾಗ ಹೆಂಡತಿ ಅವನ ಕೈ ಮುಟ್ಟಿಕೊಂಡು ಕೂರುತ್ತಾಳೆ, ಒಬ್ಬರು ಎದ್ದು ಹೋದರೆ ಪೂಜೆ ನಿಲ್ಲುತ್ತದೆ. ಇದನ್ನು ವ್ರತ ಎಂದು ಕರೆಯುವುದಾದರೆ ಇದಕ್ಕೂ ಇಬ್ಬರೂ ಕೂರಬೇಕು. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಅಂಕಿ ಸಮೀಕ್ಷೆಯಲ್ಲಿ ಸೊನ್ನೆಯ ಆಸುಪಾಸು. ಕೂತವರು ಯಾರು, ಎದ್ದು ಹೋದವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಅಣ್ಣನ ಮಗಳ ಫೋನಿನಲ್ಲಿ ಬೀಳುವ ಇಂಥದೇ ಹಸಿರು, ಕೆಂಪು ಬಣ್ಣ ಅವಳ ಗಂಡನ ಫೋನಿಗೂ ಬರುತ್ತದಂತೆ. ಮೊದಲು ಕೇಳಿ ಖುಷಿಪಟ್ಟೆ, ಲೆಕ್ಕ ಇಬ್ಬರದ್ದಾಯಿತಲ್ಲ ಎಂದು. ಆಮೇಲೆ ಅವಳೇ ಮೆಲ್ಲಗೆ ಹೇಳಿದಳು: "ಹಸಿರು ಬಂದ ದಿನ ಬೇಡ ಅಂದ್ರೆ ಕಾರಣ ಕೇಳ್ತಾರೆ ಅತ್ತೆ." ಅಂದರೆ ಕೆಂಪು ದಿನ ಬೇಡ ಅನ್ನುವುದು ಯಂತ್ರ, ಆದ್ದರಿಂದ ಅವನು ಮಾತು ಕೇಳುತ್ತಾನೆ. ಹಸಿರು ದಿನ ಬೇಡ ಅನ್ನುವವಳು ಅವಳು.

ಯುಗಾದಿಗೆ ಬಂದಿದ್ದಾಗ ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದೆ. "ನೋಡಪ್ಪ, ಹಸಿರು ಅಂದ್ರೆ ಬಸಿರಾಗಲ್ಲ ಅಂತ, ಅವಳು ಒಪ್ಪಿದಾಳೆ ಅಂತ ಅಲ್ಲ. ಒಪ್ಪಿಗೆ ಅವಳನ್ನೇ ಕೇಳು. ಮತ್ತೆ ಈ ಲೆಕ್ಕದಲ್ಲಿ ನಿನ್ನ ಪಾಲಿನ ಕೆಲಸ ಏನು?" ಅವನು ನಕ್ಕು, "ಕೆಲಸ ಏನಿದೆ ಅತ್ತೆ, ಎಲ್ಲಾ ಉಂಗುರನೇ ಮಾಡುತ್ತಲ್ಲ" ಅಂದ.

"ಹಾಗಾದ್ರೆ ಅದನ್ನ ದಿನಾ ಚಾರ್ಜ್‌ಗಾದ್ರೂ ನೀನೇ ಹಾಕು" ಅಂದೆ.