ತೊಗರಿಯ ಬೇರು, ಎರಡು ಶಿಲೀಂಧ್ರ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ತೊಗರಿಯ ಬೇರನ್ನು ಹೊಗುವ ಶಿಲೀಂಧ್ರಗಳಲ್ಲಿ ಎರಡು ಮುಖ್ಯ. ಫ್ಯುಸೇರಿಯಂ ಉಡಮ್ ನೀರು ಸಾಗಿಸುವ ನಾಳಗಳನ್ನು ಮುಚ್ಚಿ, ಹೂವು ಕಾಯಿಯ ಹೊತ್ತಿಗೆ ಗಿಡವನ್ನು ನಿಂತಲ್ಲೇ ಒಣಗಿಸುತ್ತದೆ. ಇದೇ ರೈತರು ಹೇಳುವ ನೆಟೆ ರೋಗ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ಇದರಿಂದ ಬಹಳ ಹಾಳಾಯಿತು. ಇನ್ನೊಂದು ಅರ್ಬಸ್ಕ್ಯುಲರ್ ಮೈಕೊರೈಜಾ. ಅದೂ ಬೇರಿನ ಜೀವಕೋಶದೊಳಗೇ ಕವಲೊಡೆಯುತ್ತದೆ, ಆದರೆ ಹೊರಗಿನ ಮಣ್ಣಿನಿಂದ ರಂಜಕ, ಸತು ತಂದುಕೊಡುತ್ತದೆ. ಆದ್ದರಿಂದ ಹೊರಗಿನದೇನೂ ಒಳಹೊಗದ ಗಿಡವೇ ಆರೋಗ್ಯವಂತ ಗಿಡ ಎಂಬ ತಿಳಿವಳಿಕೆ ಇಲ್ಲಿ ನಿಲ್ಲದು. ಒಳಬಂದದ್ದು ಯಾವ ಕರಾರಿನ ಮೇಲೆ ಉಳಿದಿದೆ ಎಂಬುದೇ ಪ್ರಶ್ನೆ.

ಎರೆಮಣ್ಣಿನಲ್ಲಿ ರಂಜಕ ಹೆಚ್ಚಾಗಿ ಕ್ಯಾಲ್ಸಿಯಂ ಜೊತೆ ಬೆಸೆದಿರುತ್ತದೆ, ಕರಗಿದ್ದೂ ಬಹಳ ನಿಧಾನವಾಗಿ ಸರಿಯುತ್ತದೆ. ಬೇರಿನ ಮಗ್ಗುಲಿನ ಕೆಲವೇ ಮಿಲಿಮೀಟರಿನಲ್ಲಿರುವುದು ತೀರಿದ ಮೇಲೆ ಗಿಡಕ್ಕೆ ಕೊರತೆ. ಬೇರುರೋಮಕ್ಕಿಂತ ತೆಳುವಾದ ಶಿಲೀಂಧ್ರದ ಎಳೆಗಳು ಸೆಂಟಿಮೀಟರುಗಟ್ಟಲೆ ಆಚೆ ಹೋಗುತ್ತವೆ. ಪ್ರತಿಯಾಗಿ ಗಿಡ ಸಕ್ಕರೆ, ಕೊಬ್ಬು ಕೊಡುತ್ತದೆ. ತಾನು ಗಳಿಸಿದ ಇಂಗಾಲದಲ್ಲಿ ಶೇ. 20ರವರೆಗೂ.

ಇದನ್ನು ಔದಾರ್ಯವೆಂದು ಬಣ್ಣಿಸುವುದು ಸುಲಭ. ಕಾಡಿನ ಮರಗಳು ಶಿಲೀಂಧ್ರದ ಜಾಲದಿಂದ ಒಂದಕ್ಕೊಂದು ಉಣಿಸುತ್ತವೆ ಎಂಬ ಕಥೆ ಸುಝನ್ ಸಿಮಾರ್ಡ್ ಅವರ 1997ರ ಪ್ರಯೋಗದ ಬಳಿಕ ಹಬ್ಬಿತು. ಜಸ್ಟೀನ್ ಕಾರ್ಸ್ಟ್ ಮತ್ತು ಸಂಗಡಿಗರು 2023ರಲ್ಲಿ ಪುರಾವೆಗಳನ್ನು ಜಾಲಾಡಿದಾಗ, ನಿಜವಾದ ಕಾಡಿನಲ್ಲಿ ಅದಕ್ಕಿರುವ ಆಧಾರ ತೀರ ಕಡಿಮೆಯೆಂದು ಕಂಡಿತು. ಹೊಲದಲ್ಲೂ ಔದಾರ್ಯ ಕಾಣದು: ರಂಜಕದ ಗೊಬ್ಬರವಾದ ಡಿಎಪಿ ಧಾರಾಳವಾಗಿ ಸಿಕ್ಕ ಗಿಡ ಶಿಲೀಂಧ್ರಕ್ಕೆ ಕೊಡುವುದನ್ನು ತಗ್ಗಿಸುತ್ತದೆ. ಯುರೋಪಿನ ಬೆಟ್ಟಗಳ ಸ್ಪ್ರೂಸ್ ಕಾಡುಗಳಲ್ಲೂ, ಬೇರೆಯದೇ ಬಗೆಯ ಮೈಕೊರೈಜಾ ಇದ್ದರೂ, ಗಾಳಿಯಿಂದ ಬಿದ್ದ ಸಾರಜನಕ ಹೆಚ್ಚಾದಲ್ಲಿ ಇದೇ ನಡೆಯಿತು. ಉದಾರಿಯೊಬ್ಬ ಹೊಟ್ಟೆ ತುಂಬಿದ ಕೂಡಲೇ ಕೈ ಹಿಂದೆಗೆಯುವುದಿಲ್ಲ, ಗಿಡ ಹಿಂದೆಗೆಯುತ್ತದೆ. ಅಗತ್ಯದ ಮೇಲೆ ನಿಂತ ಸಂಬಂಧವೆಂದರೆ ಅದು ಕೀಳಲ್ಲ, ಕರಾರು ಸ್ಪಷ್ಟವಾಗಿದೆ, ಅಷ್ಟೆ.

ಹಾಗಿದ್ದ ಮೇಲೆ ಬೆಳೆಯ ಆರೋಗ್ಯವನ್ನು ಬೆಳೆಯೊಂದರಲ್ಲೇ ಅಳೆಯಲಾಗದು. ಹಿಂದಿನ ಹಂಗಾಮೂ ಲೆಕ್ಕಕ್ಕೆ ಬರುತ್ತದೆ. ಅರ್ಬಸ್ಕ್ಯುಲರ್ ಮೈಕೊರೈಜಾ ಜೀವಂತ ಬೇರಿಲ್ಲದೆ ಬೆಳೆಯಲಾರದು. ಹಿಂಗಾರಿ ಬಿಳಿಜೋಳಕ್ಕೆಂದು ಮಳೆಗಾಲವಿಡೀ ಖಾಲಿ ಬಿಟ್ಟ ಹೊಲದಲ್ಲಿ ಅದು ಸೊರಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಎರೆಮಣ್ಣಿನಲ್ಲಿ ದೀರ್ಘಕಾಲ ಬೀಳುಬಿಟ್ಟ ಹೊಲಗಳ ಬೆಳೆ ಸೊರಗಿದ್ದಕ್ಕೆ ಇದೇ ಕಾರಣವೆಂದು ತಿಳಿದಿದೆ. ಸಾಸಿವೆ ಈ ಶಿಲೀಂಧ್ರದೊಂದಿಗೆ ಕೂಡಿಕೊಳ್ಳುವುದೇ ಇಲ್ಲ. ಹೆಸರು, ತೊಗರಿ, ಜೋಳ, ಕುಸುಬೆ ಕೂಡಿಕೊಳ್ಳುತ್ತವೆ. ಪದೇಪದೇ ಉಳುಮೆ ಮಾಡಿದರೆ ಎಳೆಗಳು ತುಂಡಾಗುತ್ತವೆ.

ಜೀವಂತ ಬೇರು ಬೇಕೆಂಬ ಮಿತಿ ಮಾರುಕಟ್ಟೆಯ ಮೈಕೊರೈಜಾ ಪೊಟ್ಟಣಕ್ಕೂ ಇದೆ. ಅದನ್ನು ಕುಂಡದ ಗಿಡಗಳ ಬೇರಿನಲ್ಲೋ ಪ್ರಯೋಗಾಲಯದಲ್ಲಿ ಬೆಳೆಸಿದ ಬೇರಿನಲ್ಲೋ ವೃದ್ಧಿಸಬೇಕು, ಆದ್ದರಿಂದ ದುಬಾರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರ ಕೆಲಸ ಸಸಿಮಡಿಯ ಬೆಳೆಗಳ ಕಡೆ ತಿರುಗಿದ್ದು ಸಹಜವೇ: ಸಸಿಗೆ ಚಿಟಿಕೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿ ನೆಡುವ ನಾಟಿ ತೊಗರಿಗೆ ಅದು ಹೊಂದುತ್ತದೆ. ಕೂರಿಗೆಯಿಂದ ಬಿತ್ತುವ ಹೊಲ ಮಾತ್ರ ನೆಲದಲ್ಲಿ ಮೊದಲೇ ಇರುವ ಶಿಲೀಂಧ್ರವನ್ನೇ ನೆಚ್ಚಬೇಕು.